ಕರ್ನಲ್ ಬದಲಾಯಿತು, ಡೇಟಾಬೇಸ್ ಚಾಲೂ ಆಗುತ್ತಿಲ್ಲ!

ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನಾವು ಎಸ್‌ಕ್ಯೂಎಲ್ ಕಲಿಯುತ್ತೇವೆ. ಆದರೆ ಸರ್ವರೇ ಚಾಲೂ ಆಗದಿದ್ದರೆ ಏನು ಮಾಡಬೇಕು? ಉಬುಂಟು ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್ ನಡೆಯುತ್ತಿದೆ ಎಂದುಕೊಳ್ಳಿ. ರಾತ್ರಿ ಕರ್ನಲ್ ಅಪ್‌ಡೇಟ್ ಆಗಿ ಯಂತ್ರ ರೀಸ್ಟಾರ್ಟ್ ಆಯಿತು. ಬೆಳಿಗ್ಗೆ ಡೇಟಾಬೇಸ್ ಏಳಲಿಲ್ಲ. ಶುಲ್ಕ, ಹಾಜರಿ, ಅಂಗಡಿಯ ಬಾಕಿ ಎಲ್ಲವೂ ಅದರೊಳಗೇ ಇದೆ. ಗಾಬರಿಯಲ್ಲಿ ಕೈ ಹಾಕಿದರೆ ಲೆಕ್ಕವೇ ಹೋಗಬಹುದು.

ಕರ್ನಲ್ ಎಂದರೆ ಡಿಸ್ಕ್, ಮೆಮೊರಿ ಮುಂತಾದವನ್ನು ಪ್ರೋಗ್ರಾಂಗಳಿಗೆ ಹಂಚಿಕೊಡುವ ತಿರುಳು. ಅದು ಬದಲಾದ ಮೇಲೆ ತೊಂದರೆ ಬಂದರೆ ಎಲ್ಲರೂ ಅದನ್ನೇ ದೂರುತ್ತಾರೆ. ಆದರೆ ತಾಳೆಪಟ್ಟಿ ಹೊಂದದಿದ್ದಾಗ ನಾವು ಮೊದಲು ಅಂಕಿ ತಿದ್ದುವುದಿಲ್ಲ, ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುತ್ತೇವೆ. ಇಲ್ಲಿಯೂ ಹಾಗೆಯೇ.

1. ದಾಖಲೆ ಓದಿ. ಲಿನಕ್ಸ್‌ನ ಜರ್ನಲ್‌ನಲ್ಲಿ ಮತ್ತು ಮೈಎಸ್‌ಕ್ಯೂಎಲ್‌ನ ಎರರ್ ಲಾಗ್‌ನಲ್ಲಿ ಕಾರಣ ಸಾಮಾನ್ಯವಾಗಿ ಸಿಗುತ್ತದೆ. ಕೊನೆಯ ಸಾಲಲ್ಲ, ಮೊದಲು ಬಂದ ದೋಷದ ಸಾಲು ಮುಖ್ಯ.

2. ಜಾಗ ನೋಡಿ. ಪ್ರತಿ ಹೊಸ ಕರ್ನಲ್ ಡಿಸ್ಕ್‌ನಲ್ಲಿ ಜಾಗ ಹಿಡಿಯುತ್ತದೆ. ಡಿಸ್ಕ್ ತುಂಬಿದ್ದರೆ ಡೇಟಾಬೇಸ್ ಬರೆಯಲಾರದೆ ನಿಲ್ಲುತ್ತದೆ.

3. ರೀಸ್ಟಾರ್ಟ್ ಕಡೆಗೂ ಗಮನ ಕೊಡಿ. ಮೈಎಸ್‌ಕ್ಯೂಎಲ್ ತನ್ನ ಸೆಟ್ಟಿಂಗ್ ಕಡತವನ್ನು ಶುರುವಾಗುವಾಗ ಮಾತ್ರ ಓದುತ್ತದೆ. ತಿಂಗಳ ಹಿಂದೆ ಯಾರೋ ಅದರಲ್ಲಿ ತಪ್ಪು ಬರೆದಿದ್ದರೆ ಅದು ಇವತ್ತು ಹೊರಬೀಳುತ್ತದೆ. ಡೇಟಾ ಬೇರೆ ಡಿಸ್ಕ್‌ನಲ್ಲಿದ್ದರೆ ಅದು ಮೌಂಟ್ ಆಗಿದೆಯೇ ನೋಡಿ. ಅದೇ ರಾತ್ರಿ ಮೈಎಸ್‌ಕ್ಯೂಎಲ್ ಕೂಡ ಅಪ್‌ಡೇಟ್ ಆಗಿದೆಯೇ ಎಂದೂ ಪರಿಶೀಲಿಸಿ.

4. ಹಳೆಯ ಕರ್ನಲ್‌ನಲ್ಲಿ ಪರೀಕ್ಷಿಸಿ. ಉಬುಂಟು ಹಿಂದಿನ ಕರ್ನಲನ್ನು ಉಳಿಸಿಕೊಂಡಿರುತ್ತದೆ. ಗ್ರಬ್ ಮೆನುವಿನಲ್ಲಿ ಅದನ್ನು ಆರಿಸಬಹುದು. ಬೇರೇನೂ ಬದಲಿಸದೆ ಅದರಲ್ಲಿ ಡೇಟಾಬೇಸ್ ಎದ್ದರೆ, ಸಂಶಯ ಹೊಸ ಕರ್ನಲ್ ಅಥವಾ ಅದಕ್ಕೆ ಹೊಂದದ ಡ್ರೈವರ್ ಮೇಲೆ. ಏಳದಿದ್ದರೆ ಬೇರೆ ಕಡೆ ಹುಡುಕಿ.

5. ಲಾಗ್ ಅಳಿಸಬೇಡಿ. ಇದು ಎಲ್ಲಕ್ಕಿಂತ ಮುಖ್ಯ. ನಮ್ಮ ಮನೆಯ ಉರ್ದುವಿನಲ್ಲಿ ದಿನದ ಲೆಕ್ಕದ ಪುಸ್ತಕಕ್ಕೆ ರೋಜ್‌ನಾಮಚಾ ಎನ್ನುತ್ತೇವೆ. ಕನ್ನಡದ ರೋಜುಮೇಳದಲ್ಲಿರುವುದೂ ಅದೇ ರೋಜು. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಕೂಡ ಪ್ರತಿ ಬದಲಾವಣೆಯನ್ನು ಮೊದಲು ರೀಡೂ ಲಾಗ್ ಎಂಬ ರೋಜುಮೇಳದಲ್ಲಿ ಬರೆದು, ನಂತರ ಮೂಲ ಕಡತಕ್ಕೆ, ಅಂದರೆ ಖಾತಾವಹಿಗೆ ಏರಿಸುತ್ತದೆ. ಯಂತ್ರ ನಡುವೆ ನಿಂತರೆ ಮುಂದಿನ ಬಾರಿ ಆ ಲಾಗ್ ಓದಿ ಉಳಿದದ್ದನ್ನು ಪೂರ್ತಿ ಮಾಡುತ್ತದೆ. ಅದನ್ನು ಅಳಿಸುವುದು ಖಾತೆಗೆ ಏರದ ರೋಜುಮೇಳದ ಹಾಳೆ ಹರಿದಂತೆ. ಆದ್ದರಿಂದ ಸರ್ವರ್ ನಿಂತಿರುವಾಗಲೇ ಇಡೀ ಡೇಟಾ ಫೋಲ್ಡರಿನ ಪ್ರತಿ ತೆಗೆದಿಟ್ಟು, ನಂತರ ದುರಸ್ತಿಗೆ ಇಳಿಯಿರಿ.

ಒಂದು ಬಾರಿಗೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಅಪ್‌ಡೇಟ್‌ಗೆ ಮುಂಚೆ ಬ್ಯಾಕಪ್ ಇದ್ದರೆ ಇವೆಲ್ಲ ಕೆಲಸ ನೆಮ್ಮದಿಯಿಂದ ನಡೆಯುತ್ತದೆ.