ಮರ ಹೊರಗೆ ಹೋಯಿತು, ಸೂಜಿ ಎಲೆ?

ಜನವರಿ ಮೊದಲ ವಾರ ಅಮೆರಿಕದ ಯಾವ ಬಡಾವಣೆಗೆ ಹೋದರೂ ಮನೆಗಳ ಮುಂದೆ ಕ್ರಿಸ್‌ಮಸ್ ಮರಗಳು ಅಡ್ಡಡ್ಡ ಬಿದ್ದಿರುತ್ತವೆ. ಮಕ್ಕಳ ಹಟಕ್ಕೆ ಮಣಿದು ನಿಜವಾದ ಮರವನ್ನೇ ತರುವ ಕನ್ನಡದ ಮನೆಗಳೂ ಅಲ್ಲಿವೆ. ತರುವುದೇನೋ ಸಲೀಸು. ಹೊರಹಾಕುವಾಗ ಎಡವುತ್ತಾರೆ. ಮರವನ್ನು ತಬ್ಬಿ ದರದರ ಎಳೆದುಕೊಂಡು ಹೋಗಿ ಬೀದಿಗೆ ಹಾಕುತ್ತಾರೆ, ಒಳಗೆ ಬಂದವರೇ ವ್ಯಾಕ್ಯೂಮ್ ಕ್ಲೀನರ್ ಗುಂಡಿ ಒತ್ತುತ್ತಾರೆ. ಆಮೇಲೆ ಯುಗಾದಿಗೆ ಮನೆ ಒರೆಸುವಾಗಲೂ ಸೋಫಾ ಅಡಿಯಿಂದ ಎಲೆ ಬರುತ್ತಲೇ ಇರುತ್ತದೆ. ಮಗನ ಮನೆಗೋ ಮಗಳ ಮನೆಗೋ ಹೋಗಿರುವ ಅಪ್ಪ ಅಮ್ಮಂದಿರೇ ಹಲವು ಕಡೆ ಈ ಕೆಲಸಕ್ಕೆ ಕೈ ಹಾಕುತ್ತಾರೆ. ಅವರಿಗೂ ಸೇರಿಸಿಯೇ ಈ ಮಾತು.

ಮರದ ವಿಚಾರ ಚುಟುಕಾಗಿ ಹೇಳುತ್ತೇನೆ. ಕಡಿದ ಮರಕ್ಕೆ ಬೇರಿಲ್ಲ, ಮನೆಯೊಳಗಿನ ಹೀಟರ್ ಗಾಳಿಗೆ ಅದು ದಿನದಿನಕ್ಕೆ ಒಣಗುತ್ತದೆ, ಎಲೆ ಉದುರಿಸುತ್ತದೆ. ಫ್ರೇಸರ್ ಫರ್ ತಂದಿದ್ದರೆ ಎಲೆ ಸಾಕಷ್ಟು ಕಾಲ ಹಿಡಿದುಕೊಂಡಿರುತ್ತದೆ. ಸ್ಪ್ರೂಸ್ ಜಾತಿಯದಾದರೆ ಮುಟ್ಟಿದರೆ ಸಾಕು, ಸುರಿಯುತ್ತದೆ. ಏನೇ ಇರಲಿ, ಹಬ್ಬದುದ್ದಕ್ಕೂ ಉದುರುವುದಕ್ಕಿಂತ ಹೆಚ್ಚು ಎಲೆ ಮರ ಅಲುಗಿಸಿದ ಅರ್ಧ ಗಂಟೆಯಲ್ಲಿ ಉದುರುತ್ತದೆ. ಹಾಗಾಗಿ ಮನೆ ಸ್ವಚ್ಛ ಮಾಡುವ ಕೆಲಸ ಶುರುವಾಗಬೇಕಾದ್ದು ಮರ ಕದಲುವುದಕ್ಕೆ ಮುಂಚೆ.

ಮರ ಕದಲಿಸುವ ಮುನ್ನ

ಅಲಂಕಾರದ ಸಾಮಾನು, ದೀಪದ ಸರ ಬಿಚ್ಚಿ. ಗೊಂಬೆ ನೇತುಹಾಕುವ ಸಣ್ಣ ತಂತಿ ಕೊಕ್ಕೆಗಳು ಎಲೆಯ ರಾಶಿಯಲ್ಲಿ ಬಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ಸಿಗುತ್ತವೆ. ಫ್ರಿಜ್ ಮೇಲೆ ಅಂಟಿಸಿದ ಮ್ಯಾಗ್ನೆಟ್ ಒಂದನ್ನು ತಂದು ರಾಶಿಯ ಮೇಲೆ ಆಡಿಸಿ, ಕಬ್ಬಿಣದವೆಲ್ಲ ಬಂದು ಕಚ್ಚಿಕೊಳ್ಳುತ್ತವೆ.

ಬುಡದ ಸ್ಟ್ಯಾಂಡಿನಲ್ಲಿ ನೀರಿರುತ್ತದೆ, ಕೆಲವದರಲ್ಲಿ ಮೂರು ನಾಲ್ಕು ಲೀಟರ್. ಹಳೇ ಟವೆಲ್ ಅದ್ದಿ ಬಕೆಟ್ಟಿಗೆ ಹಿಂಡಿ ಖಾಲಿ ಮಾಡಿಕೊಳ್ಳಿ. ಮರದ ಹಲಗೆ ನೆಲದ ಮೇಲೆ ಅದು ಚೆಲ್ಲಿದರೆ ಎಲೆಯ ಚಿಂತೆ ಮರೆತೇ ಹೋಗುತ್ತದೆ. ಒರೆಸುವ ಕಷ್ಟ ತಪ್ಪಲೆಂದು ನಾಲ್ಕು ದಿನ ಮೊದಲೇ ನೀರು ಹಾಕುವುದನ್ನು ನಿಲ್ಲಿಸುವವರಿದ್ದಾರೆ. ಅದು ಬೇಡ. ಒಣಗಿದ ಮರ ಬೆಂಕಿಗೆ ಹತ್ತಿರ, ಹೊರಹಾಕುವ ದಿನದವರೆಗೂ ನೀರಿರಲಿ.

ಇನ್ನು ನೆಲದಲ್ಲಿರುವ ಹೀಟರ್ ಕಿಂಡಿಗಳು. ನಮ್ಮೂರಿನ ಮನೆಗಳಲ್ಲಿ ಇವು ಇಲ್ಲವಾದ್ದರಿಂದ ಊರಿಂದ ಹೋದವರಿಗೆ ಹೊಳೆಯುವುದೇ ಇಲ್ಲ. ಜಾಲರಿಯ ಸಂದಿಯಲ್ಲಿ ಎಲೆ ಸರಕ್ಕನೆ ಜಾರಿ ಕೊಳವೆಯೊಳಗೆ ಇಳಿದರೆ ತೆಗೆಯುವುದು ಕಷ್ಟ. ಮರದಿಂದ ಬಾಗಿಲಿನವರೆಗೆ ಸಿಗುವ ಕಿಂಡಿಗಳನ್ನೆಲ್ಲ, ಹೀಟರ್ ಆರಿಸಿ, ರಟ್ಟು ಇಟ್ಟು ಟೇಪ್ ಹಚ್ಚಿ ಮುಚ್ಚಿ. ಕೆಲಸ ಮುಗಿದ ಮೇಲೆ ತೆಗೆಯುವುದನ್ನು ಮರೆಯಬೇಡಿ.

ಈಗ ಹಳೇ ಬೆಡ್‌ಶೀಟುಗಳನ್ನು ಬುಡದಿಂದ ಬಾಗಿಲಿನವರೆಗೆ ಹಾಸಿ. ಮರವನ್ನು ಅದರ ಮೇಲೆ ಮೆಲ್ಲಗೆ ಮಲಗಿಸಿ, ಸುತ್ತಿ ಕಟ್ಟಿ, ಬುಡ ಮುಂದಾಗಿ ಹೊರಗೆ ತನ್ನಿ. ಬಾಗಿಲ ಚೌಕಟ್ಟಿಗೆ ತಾಗಿದಾಗ ಕೊಂಬೆಗಳು ತುದಿಯ ಕಡೆಗೆ ಮಡಚಿಕೊಳ್ಳುತ್ತವೆ. ತುದಿ ಮುಂದಾದರೆ ಅದೇ ಕೊಂಬೆಗಳು ಛತ್ರಿ ಬಿಚ್ಚಿದ ಹಾಗೆ ಅಗಲಿ, ಚೌಕಟ್ಟಿಗೆ ಉಜ್ಜಿ, ಉಳಿದ ಎಲೆಯನ್ನೂ ಹೊಸಿಲಲ್ಲಿ ಸುರಿಸುತ್ತವೆ. ಮೇಲಿನ ಮಹಡಿಯ ಅಪಾರ್ಟ್‌ಮೆಂಟಾದರೆ ನನ್ನ ಸಲಹೆ ಬೇರೆ. ಬೆಡ್‌ಶೀಟಿನ ಮೇಲೆಯೇ ಕೈಗತ್ತರಿಯಿಂದ ಕೊಂಬೆ ಕತ್ತರಿಸಿ ಚೀಲಕ್ಕೆ ತುಂಬಿ, ಬೋಳು ಕಾಂಡವನ್ನಷ್ಟೇ ಲಿಫ್ಟಿಗೆ ಒಯ್ಯಿರಿ. ನೆರೆಯವರ ಜೊತೆ ಮಾತುಕತೆ ಚೆನ್ನಾಗಿರುತ್ತದೆ.

ವ್ಯಾಕ್ಯೂಮಿಗೆ ಅವಸರ ಬೇಡ

ಎಲ್ಲರೂ ತಪ್ಪುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರ್ಪೆಟ್ಟಿಗೆ ಬಳಸುವ ವ್ಯಾಕ್ಯೂಮಿನ ಬಾಯಲ್ಲಿ ಗಿರಗಿರ ತಿರುಗುವ ಬ್ರಷ್ ಇರುತ್ತದೆ. ಧೂಳಿಗೆ ಅದು ಸರಿ. ಸೂಜಿ ಎಲೆ ಸಿಕ್ಕಿದರೆ ಬ್ರಷ್ಷು ಒಂದಿಷ್ಟನ್ನು ಒಳಗೆಳೆದು, ಒಂದಿಷ್ಟನ್ನು ಹಿಂದಕ್ಕೆ ಚಿಮ್ಮಿಸಿ, ಮಿಕ್ಕದ್ದನ್ನು ಮೊನೆ ಕೆಳಗಾಗಿ ಕಾರ್ಪೆಟ್ಟಿನ ನೂಲಿನೊಳಗೆ ನಾಟುತ್ತದೆ. ಹಾಗೆ ನಾಟಿಕೊಂಡ ಎಲೆಯನ್ನು ಆಮೇಲೆ ಯಾವ ಯಂತ್ರವೂ ಎಬ್ಬಿಸದು. ಅಂಗೈಯಿಂದ ಸವರಿದರೆ ಚುಚ್ಚುತ್ತದೆ, ಬಗ್ಗಿ ನೋಡಿದರೆ ಕಾಣುವುದಿಲ್ಲ.

ಒಳಗೆ ಹೋದವುಗಳ ಕಥೆಯೂ ಅಷ್ಟೇ. ಕೊಳವೆ ಬಾಗುವ ಕಡೆ ಒಂದು ಎಲೆ ಅಡ್ಡ ನಿಂತರೆ ಸಾಕು, ಅದಕ್ಕೆ ಇನ್ನೊಂದು ತಗುಲಿ, ಅದಕ್ಕೆ ತಲೆಕೂದಲು ಸುತ್ತಿ, ಮರದ ಅಂಟು ಸೇರಿ, ನೋಡನೋಡುತ್ತಿದ್ದಂತೆ ಬಿರಡೆ ಬಿದ್ದುಬಿಡುತ್ತದೆ. ಎಳೆತ ಕಡಿಮೆಯಾಯಿತೆಂದು ನಾವು ಅದೇ ಜಾಗದಲ್ಲಿ ಮತ್ತೆ ಮತ್ತೆ ಉಜ್ಜುತ್ತೇವೆ. ಮೋಟಾರು ಕಾಯುತ್ತದೆ, ಬೆಲ್ಟು ಸುಟ್ಟ ವಾಸನೆ ಬರುತ್ತದೆ. ತಾನಾಗಿ ಓಡಾಡುವ ರೋಬೊ ವ್ಯಾಕ್ಯೂಮಂತೂ ಆ ವಾರ ಕಪಾಟಿನಲ್ಲಿರಲಿ. ಹಾಲಿನ ಎಲೆಯನ್ನು ಮಲಗುವ ಕೋಣೆಗೆ ಹಂಚಿ ಬರುವುದು ಬಿಟ್ಟರೆ ಅದರಿಂದ ಉಪಕಾರವಿಲ್ಲ.

ಸರಿಯಾದ ಕ್ರಮ ಹೀಗೆ. ಮೊದಲು ರಬ್ಬರ್ ಕೈಗವಸು ಹಾಕಿ ದೊಡ್ಡ ರಾಶಿಯನ್ನು ಕೈಯಿಂದಲೇ ಬಾಚಿ ಮೊರಕ್ಕೆ ತುಂಬಿ. ಆಮೇಲೆ ಕಾರ್ಪೆಟ್ಟಿನ ಮೇಲೆ ರಬ್ಬರ್ ಹಲ್ಲಿನ ಪೊರಕೆಯನ್ನು ಗಿಡ್ಡ ಗಿಡ್ಡ ಎಳೆತದಲ್ಲಿ, ಒಂದೇ ದಿಕ್ಕಿಗೆ ಎಳೆಯಿರಿ. ಹುದುಗಿದ್ದ ಎಲೆ ಮೇಲೆದ್ದು ಸಾಲುಗಟ್ಟುತ್ತದೆ. ಪೊರಕೆ ಇಲ್ಲವೆಂದರೆ ಅದೇ ಕೈಗವಸಿನಿಂದ ಸವರಿದರೂ ಆಗುತ್ತದೆ, ಸೊಂಟ ನೋಯುತ್ತದೆ ಅಷ್ಟೆ. ಇಷ್ಟಾದ ಮೇಲೆ ವ್ಯಾಕ್ಯೂಮ್. ಆಗಲೂ ಬ್ರಷ್ ಕಳಚಿ, ಬರೀ ಕೊಳವೆಯ ಬಾಯಿಂದ ಎಳೆಸಿ. ಡಬ್ಬಿ ಅರ್ಧ ತುಂಬುತ್ತಲೇ ಖಾಲಿ ಮಾಡಿ.

ಹಲಗೆ ಅಥವಾ ಟೈಲ್ಸ್ ನೆಲಕ್ಕೆ ಇಂಡಿಯನ್ ಸ್ಟೋರಿನ ಹುಲ್ಲು ಪೊರಕೆ ಹಿಡಿಯಬೇಡಿ. ಎಳೆಗಳ ನಡುವೆ ಎಲೆ ಸಿಕ್ಕಿಕೊಂಡು, ನಾಳೆ ಅಡುಗೆಮನೆ ಗುಡಿಸುವಾಗ ಅಲ್ಲಿ ಉದುರುತ್ತದೆ. ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಒಂದೆಡೆಗೆ ತಳ್ಳಿ ಬಾಚುವುದು ಲೇಸು. ಗೋಡೆಯಂಚಿನಲ್ಲಿ ಉಳಿದದ್ದಕ್ಕೆ ಅಗಲ ಟೇಪನ್ನು ಅಂಟು ಹೊರಗಾಗಿ ಅಂಗೈಗೆ ಸುತ್ತಿಕೊಂಡು ಒತ್ತಿ ತೆಗೆಯಿರಿ. ಉಣ್ಣೆ ಕಾಲುಚೀಲಕ್ಕೆ ಎಲೆ ಹೆಣೆದುಕೊಂಡಿರುತ್ತದೆ, ಹೊರಗೆ ಕೊಡವಿಯೇ ವಾಷಿಂಗ್ ಮೆಷಿನ್ನಿಗೆ ಹಾಕಿ. ನಾಯಿ ಬೆಕ್ಕು ಇದ್ದರೆ ಪಾದದ ಬೆರಳ ಸಂದಿಯನ್ನೂ ನೋಡಿ.

ಅಂಟಿನ ಕಲೆ

ಕೈಗೆ ಹತ್ತಿದ ಅಂಟಿಗೆ ಸೋಪು ನಾಟುವುದಿಲ್ಲ. ಕೊಬ್ಬರಿ ಎಣ್ಣೆ ಉಜ್ಜಿ, ಒರೆಸಿ, ಆಮೇಲೆ ಸೋಪು ಹಾಕಿ. ಕಾರ್ಪೆಟ್ಟಿಗೆ ಹತ್ತಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಕಟ್ಟಿ ಅದರ ಮೇಲಿಡಿ. ಅಂಟು ಗಟ್ಟಿಯಾದಾಗ ಚಮಚದಂಚಿನಿಂದ ಕೆರೆದರೆ ಚೂರುಚೂರಾಗಿ ಬರುತ್ತದೆ. ನೆಲಕ್ಕಾದರೆ ಬಟ್ಟೆಗೆ ತುಸು ರಬ್ಬಿಂಗ್ ಆಲ್ಕೊಹಾಲ್ ಹಾಕಿ ಒರೆಸಿ. ಮೊದಲು ಕಾಣದ ಮೂಲೆಯಲ್ಲಿ ಒರೆಸಿ ನೋಡಿ, ಪಾಲಿಶ್ ಎದ್ದು ಹೋದೀತು.

ಮಂಗಳೂರು, ಬೆಂಗಳೂರಿನ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ತರುವ ಗಾಳಿಮರದ, ಅಂದರೆ ಸರ್ವೆಯ ಕೊಂಬೆಗೆ ಅಂಟಿನ ಕಾಟ ಕಡಿಮೆ. ಅದರ ಸೂಜಿಯಂಥವು ನಿಜಕ್ಕೆ ಗಿಣ್ಣುಗಿಣ್ಣಾದ ಕಿರುರೆಂಬೆಗಳು. ಒಣಗಿದ ಮೇಲೆ ತುಳಿದರೆ ಒಂದೊಂದು ಗಿಣ್ಣಿನಲ್ಲೂ ಮುರಿದು ಪುಡಿಯಾಗುತ್ತವೆ. ಆದ್ದರಿಂದ ಮೊದಲು ಗುಡಿಸಿ, ಆಮೇಲೆ ಓಡಾಡಿ.

ಕರಾವಳಿಯಲ್ಲಿ ಗಾಳಿಮರದ ತರಗನ್ನು ಒಲೆಗೆ ಹಾಕಿ ರೂಢಿಯಿದ್ದವರಿಗೆ ಅಮೆರಿಕದ ಮನೆಯ ಫೈರ್‌ಪ್ಲೇಸ್ ಕಂಡರೆ ಕೈ ತುರಿಸುತ್ತದೆ. ದಯವಿಟ್ಟು ಬೇಡ. ಒಣ ಎಲೆ ಭುಗಿಲೆದ್ದು ಕಿಡಿ ಕೋಣೆಗೆ ಸಿಡಿಯುತ್ತದೆ, ಚಿಮಣಿಯಲ್ಲಿ ಜಿಡ್ಡು ಮಸಿ ಕಟ್ಟುತ್ತದೆ. ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ ಒಣ ಮರ ಸುಟ್ಟು ತೋರಿಸಿದ ವಿಡಿಯೊಗಳಲ್ಲಿ ಬೆಂಕಿ ನಿಮಿಷದೊಳಗೆ ಕೋಣೆಯನ್ನೆಲ್ಲ ಆವರಿಸುತ್ತದೆ.

ಮಿಕ್ಕದ್ದು ಬೇಗ ಹೇಳಿ ಮುಗಿಸುತ್ತೇನೆ. ಹೆಚ್ಚಿನ ಊರುಗಳಲ್ಲಿ ಜನವರಿಯ ನಿಗದಿತ ದಿನ ನಗರಾಡಳಿತದವರೇ ಬಂದು ಮರ ಒಯ್ಯುತ್ತಾರೆ. ನ್ಯೂಯಾರ್ಕಿನಲ್ಲಿ ‘ಮಲ್ಚ್‌ಫೆಸ್ಟ್’ ಹೆಸರಿನಲ್ಲಿ ಮರಗಳನ್ನು ಪುಡಿ ಮಾಡಿ ಪಾರ್ಕಿನ ಗಿಡಗಳ ಬುಡಕ್ಕೆ ಹಾಕುತ್ತಾರೆ. ಮಿಂಚುಕಾಗದ, ಪ್ಲಾಸ್ಟಿಕ್ ಏನೂ ಉಳಿದಿರಬಾರದು. ಹಿತ್ತಲಿದ್ದರೆ ಎಲೆಯನ್ನು ಗಿಡಗಳ ಬುಡಕ್ಕೆ ತೆಳ್ಳಗೆ ಹರಡಿ. ಸಿಂಕು, ಕಮೋಡಿಗೆ ಮಾತ್ರ ಹಾಕಬೇಡಿ. ಮರ ತಂದ ಕಾರನ್ನೂ ಒಮ್ಮೆ ನೋಡಿ. ಮಡಚಿದ ಹಿಂದಿನ ಸೀಟಿನ ಸಂದಿಯಲ್ಲಿ ಎಲೆ ಕೂತಿರುತ್ತದೆ, ಸೀಟ್ ಬೆಲ್ಟಿನ ಕೊಂಡಿಯೊಳಗೆ ಸೇರಿದರೆ ಬೆಲ್ಟು ಸರಿಯಾಗಿ ಕಚ್ಚದು.