ಇನ್ನೊಂದು ಕೆನ್ನೆ: ಎರಡು ಸಲ ಮಾಡಿದ ಪಾಠ

ಬೋಧನಾಭ್ಯಾಸಕ್ಕೆಂದು ಧಾರವಾಡದ ಒಂದು ಪ್ರೌಢಶಾಲೆಗೆ ಹೋಗಿದ್ದೆ. ನನ್ನ ವಿಷಯ ವಿಜ್ಞಾನ. ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದುದರಿಂದ ಒಂಬತ್ತನೆಯ ತರಗತಿಯ ಕ್ರೈಸ್ತ ಧರ್ಮದ ಪಾಠಭಾಗ ನನ್ನ ಪಾಲಿಗೆ ಬಂತು. ಯೇಸುವಿನ ಬೋಧನೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಬಲಗೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ಒಡ್ಡಬೇಕೆಂಬ ಮಾತನ್ನು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಇನ್ನೊಂದು ಕೆನ್ನಿ ಕೊಟ್ರ ಅಂವಾ ಮತ್ತ ಹೊಡಿತಾನಲ್ರಿ?" ಎಂದ. ತರಗತಿಯೆಲ್ಲ ನಕ್ಕಿತು. "ಸಹನೆ ದೊಡ್ಡ ಗುಣ" ಎಂದು ಹೇಳಿ ಮುಂದುವರಿದೆ.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕಿ ಆಮೇಲೆ ಹೇಳಿದರು: "ಆ ಹುಡುಗನ ಊಟದ ಡಬ್ಬಿ ದಿನಾ ಇಬ್ಬರು ಕಸಗೋತಾರ. ನೀವು ಅಂವಗ ಸುಮ್ಮನಿರು ಅಂದ್ರಿ. ಕಸಗೊಳ್ಳೋರಿಗೆ ಏನೂ ಹೇಳಲಿಲ್ಲ."

ಆ ರಾತ್ರಿ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯವನ್ನು ಪೂರ್ತಿ ಓದಿದೆ. ಮರುದಿನ ಅದೇ ಪಾಠವನ್ನು ಮತ್ತೆ ಮಾಡಲು ಅನುಮತಿ ಕೇಳಿದೆ.

ಮರುಪಾಠ

ಚಟುವಟಿಕೆಯಿಂದ ಆರಂಭಿಸಿದೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಮೈ ಮುಟ್ಟದೆ, ಬಲಗೈಯಿಂದ ಎದುರಿನವನ ಬಲಗೆನ್ನೆಗೆ ಹೊಡೆಯುವಂತೆ ನಟಿಸಲು ಹೇಳಿದೆ. ಅಂಗೈ ಬೀಳುವುದು ಎಡಗೆನ್ನೆಯ ಮೇಲೆ; ಬಲಗೆನ್ನೆಗೆ ಹೊಡೆಯಬೇಕಾದರೆ ಕೈಯ ಹಿಂಭಾಗವನ್ನು ಬೀಸಬೇಕು. ಇದು ಒಡೆಯ ಆಳಿಗೆ ಮಾಡುವ ಅವಮಾನದ ಹೊಡೆತ, ಇನ್ನೊಂದು ಕೆನ್ನೆ ಒಡ್ಡಿದವನು "ನಾನು ನಿನಗಿಂತ ಕೀಳಲ್ಲ" ಎಂದು ತೋರಿಸುತ್ತಾನೆ ಎಂಬುದು ಅಮೆರಿಕದ ಬೈಬಲ್ ವಿದ್ವಾಂಸ ವಾಲ್ಟರ್ ವಿಂಕ್ ಅವರ ವ್ಯಾಖ್ಯಾನ. ಇದನ್ನು ಎಲ್ಲರೂ ಒಪ್ಪುವುದಿಲ್ಲ ಎಂಬುದನ್ನೂ ಹೇಳಿದೆ. ಆದರೆ ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದ ಘಟನೆ ಸ್ಪಷ್ಟವಾಗಿದೆ. ವಿಚಾರಣೆಯ ವೇಳೆ ಕಾವಲಿನವನು ಹೊಡೆದಾಗ ಯೇಸು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲವಾದರೆ ಏಕೆ ಹೊಡೆದೆ ಎಂದು ಕೇಳಿದರು.

ಲಂಡನ್ನಿನಲ್ಲಿ ಓದುತ್ತಿದ್ದಾಗ ಗಿರಿಪ್ರವಚನ ಗಾಂಧೀಜಿಯವರ ಮನಸ್ಸಿಗೆ ನಾಟಿತ್ತು. ಮುಂದೆ ಅವರ ಅಸಹಕಾರ ಚಳವಳಿ ನಮ್ಮೂರಿಗೂ ಬಂತು. ಸಾರಾಯಿ ಅಂಗಡಿಯ ಮುಂದೆ ಪಿಕೆಟಿಂಗ್ ನಡೆದಾಗ, 1921ರ ಜುಲೈ 1ರಂದು, ಜಕಣಿ ಬಾವಿಯ ಬಳಿ ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಸ್ಮಾರಕವನ್ನು ಮಕ್ಕಳು ನೋಡಿದ್ದರು. ಪ್ರತಿರೋಧಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ನಾನು ಮುಚ್ಚಿಡಲಿಲ್ಲ.

ಬಳಿಕ ಹಲಗೆಯ ಮೇಲೆ ಮೂರು ಅಂಕಣ ಎಳೆದೆ: ತಿರುಗಿ ಹೊಡೆಯುವುದು, ಸಹಿಸಿ ಸುಮ್ಮನಿರುವುದು, ಹೊಡೆಯದೆ ಎದುರು ನಿಲ್ಲುವುದು. ಡಬ್ಬಿಯ ಮಾತೆತ್ತದೆ, "ಯಾರದೋ ಪೆನ್ನು ದಿನಾ ಕಸಿದುಕೊಂಡರೆ?" ಎಂದು ಕೇಳಿದೆ. ಮೂರನೆಯ ಅಂಕಣ ತುಂಬುತ್ತಾ ಬಂತು: ಎಲ್ಲರೆದುರು "ಕೊಡು" ಎನ್ನುವುದು, ಶಿಕ್ಷಕರಿಗೆ ತಿಳಿಸುವುದು. ಕೊನೆಗೆ ಒಬ್ಬಳು, "ನಾವೂ ಅವನ ಬಾಜೂಕ ನಿಂದರೂದ್ರಿ" ಎಂದಳು.

ಅಂದು ಮಧ್ಯಾಹ್ನ ಮೂವರು ಆ ಹುಡುಗನ ಬೆಂಚಿಗೆ ಹೋಗಿ ಊಟಕ್ಕೆ ಕುಳಿತರು. ಕಸಿಯುತ್ತಿದ್ದ ಇಬ್ಬರನ್ನು ಮಾರ್ಗದರ್ಶಕ ಶಿಕ್ಷಕಿ ಬೇರೆಯಾಗಿ ಕರೆದು ಮಾತಾಡಿದರು. ಒಂದೇ ದಿನದಲ್ಲಿ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಮುಂದಿನ ವಾರ ಒಮ್ಮೆ ಮತ್ತೆ ದೂರು ಬಂತು. ಆದರೆ ಈ ಸಲ ದೂರು ತಂದವನು ಅವನೇ.

ನನ್ನ ಕಲಿಕೆ

ಮೊದಲ ಪಾಠಯೋಜನೆಯಲ್ಲಿ ನಿರೀಕ್ಷಿತ ಉತ್ತರ "ಸಹನೆ" ಎಂಬ ಒಂದೇ ಪದವಾಗಿತ್ತು. ಪೆಟ್ಟು ತಿನ್ನುತ್ತಿರುವ ಮಗುವಿಗೆ ಆ ಪದ ಮತ್ತೊಂದು ಪೆಟ್ಟು. ಅಹಿಂಸೆಯ ಪಾಠ ಹೇಳುವ ಮುನ್ನ ನಮ್ಮ ತರಗತಿಯಲ್ಲಿ ಯಾರು ಹೊಡೆಸಿಕೊಳ್ಳುತ್ತಿದ್ದಾರೆ, ಯಾರು ನೋಡುತ್ತ ಕುಳಿತಿದ್ದಾರೆ ಎಂಬುದನ್ನು ತಿಳಿದುಕೊಳ್ಳಬೇಕು. ನೋಡುತ್ತ ಕುಳಿತವರಲ್ಲಿ ಮೊದಲ ದಿನ ನಾನೂ ಒಬ್ಬನಾಗಿದ್ದೆ.