ಪಂಚಾಯಿತಿ ಕಟ್ಟಡಗಳಲ್ಲಿ ವಿದ್ಯುತ್ ಉಳಿತಾಯ: ಆರಂಭ ಬಿಲ್ಲಿನಿಂದ

ಬಂದಳಿಕೆ ಸೇರಿದಂತೆ ಶಿಕಾರಿಪುರ, ಸೊರಬ ಭಾಗದ ಗ್ರಾಮಗಳಲ್ಲಿ ಪಂಚಾಯಿತಿ ಕಚೇರಿ, ಗ್ರಂಥಾಲಯ, ಅಂಗನವಾಡಿ, ಸಮುದಾಯ ಭವನಗಳು ಪ್ರತಿದಿನ ವಿದ್ಯುತ್ ಬಳಸುತ್ತವೆ. ಇಲ್ಲಿ ವ್ಯರ್ಥವಾಗುವ ಪ್ರತಿ ಯೂನಿಟ್‌ನ ಹಣ ಕುಡಿಯುವ ನೀರು, ಚರಂಡಿ, ರಸ್ತೆಗಳಿಗೆ ಸಲ್ಲಬೇಕಾದ ಹಣವಾಗಿರುತ್ತದೆ. ಇಂಧನ ಸಂರಕ್ಷಣಾ ಕಾಯ್ದೆ, 2001ರ ಅಡಿಯ ಕಟ್ಟಡ ಸಂಹಿತೆಯು ಸಾಮಾನ್ಯವಾಗಿ 100 ಕಿಲೋವ್ಯಾಟ್ ಹಾಗೂ ಅದಕ್ಕೂ ಹೆಚ್ಚಿನ ಲೋಡ್ ಇರುವ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಅನ್ವಯಿಸುತ್ತದೆ. ಆದುದರಿಂದ ಸಣ್ಣ ಕಟ್ಟಡಗಳ ಉಳಿತಾಯದ ಹೊಣೆ ಪಂಚಾಯಿತಿಯದೇ ಆಗಿದೆ.

1. ಬಿಲ್ ಪರಿಶೀಲನೆ: ಪ್ರತಿ ಆರ್.ಆರ್. ಸಂಖ್ಯೆಯ 12 ತಿಂಗಳ ಮೆಸ್ಕಾಂ ಬಿಲ್ಲುಗಳನ್ನು ಒಂದೇ ಪಟ್ಟಿಯಲ್ಲಿ ಬರೆಯಬೇಕು. ಬೀಗ ಹಾಕಿದ ಕಟ್ಟಡಕ್ಕೂ ನಿಗದಿತ ಶುಲ್ಕ ಪಾವತಿಯಾಗುತ್ತಿರುವುದು, ಅಗತ್ಯಕ್ಕಿಂತ ಹೆಚ್ಚು ಮಂಜೂರಾದ ಲೋಡ್ ಇರುವುದು ಇದರಿಂದ ತಿಳಿಯುತ್ತದೆ.

2. ಖರ್ಚಿಲ್ಲದ ಕ್ರಮ: ಕಚೇರಿ ಮುಚ್ಚುವಾಗ ಕಂಪ್ಯೂಟರ್, ಪ್ರಿಂಟರ್‌ಗಳನ್ನು ಸ್ವಿಚ್‌ನಲ್ಲೇ ಆರಿಸಲು ಒಬ್ಬ ಸಿಬ್ಬಂದಿಯನ್ನು ನಿಯೋಜಿಸಬೇಕು. ಮಳೆಗಾಲದಲ್ಲಿ ಹಗಲೇ ದೀಪ ಬೇಕಾಗುವ ಹೆಂಚಿನ ಕಟ್ಟಡಗಳಿಗೆ ಕೆಲವು ಗಾಜಿನ ಹೆಂಚು ಹಾಕಿಸಿದರೆ ಸಾಕು. ಆರ್‌ಸಿಸಿ ಛಾವಣಿಗೆ ಬೇಸಿಗೆಗೆ ಮುನ್ನ ಬಿಳಿ ಸುಣ್ಣ ಬಳಿದರೆ ಒಳಗಿನ ಸೆಕೆ ತಗ್ಗುತ್ತದೆ. ಈ ಎರಡಕ್ಕೂ ತಗಲುವ ವೆಚ್ಚ ಅತ್ಯಲ್ಪ.

3. ಉಪಕರಣ ಬದಲಾವಣೆ: ಚೋಕ್ ಸಹಿತ ಹಳೆಯ ಟ್ಯೂಬ್‌ಲೈಟ್ ಸುಮಾರು 50 ವ್ಯಾಟ್, ಎಲ್‌ಇಡಿ ಟ್ಯೂಬ್ ಸುಮಾರು 20 ವ್ಯಾಟ್ ಬಳಸುತ್ತದೆ. ಹಳೆಯ ಫ್ಯಾನ್‌ಗೆ 75 ವ್ಯಾಟ್ ಬೇಕಾದರೆ ಬಿಎಲ್‌ಡಿಸಿ ಫ್ಯಾನ್‌ಗೆ ಸುಮಾರು 30 ವ್ಯಾಟ್ ಸಾಕು.

ಮಾದರಿ ಲೆಕ್ಕ: ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ಬಳಸುವ 10 ಟ್ಯೂಬ್‌ಗಳಿಂದ 600 ಯೂನಿಟ್, 10 ಫ್ಯಾನ್‌ಗಳಿಂದ 900 ಯೂನಿಟ್, ಒಟ್ಟು 1,500 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ ₹7 ಎಂದು ಇಟ್ಟುಕೊಂಡರೆ ಇದು ವರ್ಷಕ್ಕೆ ₹10,500. ಎಲ್‌ಇಡಿ ಟ್ಯೂಬ್‌ನ ಬೆಲೆ ಕಡಿಮೆ ಇರುವುದರಿಂದ ಹಾಕಿದ ಹಣ ಬೇಗ ಮರಳುತ್ತದೆ. ಅದನ್ನು ಮೊದಲು ಬದಲಿಸಬೇಕು. ಫ್ಯಾನ್‌ಗಳನ್ನು ಕೆಟ್ಟಂತೆಲ್ಲ ಹಂತಹಂತವಾಗಿ ಬದಲಿಸಬಹುದು.

4. ಸೌರ ಫಲಕ ಕೊನೆಗೆ: ಬಳಕೆ ತಗ್ಗಿಸುವ ಮೊದಲೇ ಫಲಕ ಅಳವಡಿಸಿದರೆ ವ್ಯರ್ಥವಾಗುವ ವಿದ್ಯುತ್ತಿಗೂ ಫಲಕ ಕೊಂಡಂತಾಗುತ್ತದೆ. ಬೇಡಿಕೆ ಇಳಿದ ಬಳಿಕ ಚಿಕ್ಕ ಘಟಕವೇ ಸಾಕಾಗುತ್ತದೆ.

ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಬಿಲ್ ಪಟ್ಟಿಯನ್ನು ಮಂಡಿಸಲು ಕೇಳಿ, ಮೂರು ತಿಂಗಳಿಗೊಮ್ಮೆ ಪರಿಶೀಲಿಸುವ ನಿರ್ಣಯ ಕೈಗೊಳ್ಳುವುದು ಸೂಕ್ತ. ಉಳಿದ ಮೊತ್ತವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಜನರಿಗೂ ಲೆಕ್ಕ ತಿಳಿಯುತ್ತದೆ.